ಶ್ರೀಕೃಷ್ಣದೇವರಾಯನ ವಿಜಯವರ್ಷ

ಕನ್ನಡ ನಾಡನ್ನಾಳಿದ ಅರಸರಲ್ಲಿ ಶ್ರೀಕೃಷ್ಣದೇವರಾಯನಷ್ಟು ಆಳವಾಗಿ ಜನಮನದಲ್ಲಿ ನೆಲೆನಿಂತವರು ವಿರಳ. ಇತಿಹಾಸದ ಗ್ರಂಥಗಳನ್ನು ತೆರೆದು ನೋಡದವರೂ ತೆನ್ನಾಲಿ ರಾಮಕೃಷ್ಣನ ಕಥೆಗಳ ಮೂಲಕ ಆತನನ್ನು ಬಲ್ಲರು. ಹಂಪೆಯ ಬೀದಿಗಳಲ್ಲಿ ಒಮ್ಮೆ ನಡೆದು ಬಂದವರು ಆತನ ವೈಭವವನ್ನು ಕಲ್ಲಿನಲ್ಲಿಯೇ ಕಂಡಿರುವರು. ಕ್ರಿ.ಶ. 1509ರಿಂದ 1529ರವರೆಗೆ, ಇಪ್ಪತ್ತು ವರ್ಷಗಳ ಕಾಲ, ಆತನು ವಿಜಯನಗರದ ಸಿಂಹಾಸನದಲ್ಲಿದ್ದನು. ಆ ಇಪ್ಪತ್ತು ವರ್ಷಗಳಲ್ಲಿ 1520 ವಿಶೇಷವಾದುದು. ಶಾಲಿವಾಹನ ಶಕ 1442ರ ಆ ಸಂವತ್ಸರದ ಹೆಸರೂ ವಿಕ್ರಮವೇ ಆಗಿದ್ದುದು ಒಂದು ಸೊಗಸು. ಆ ವರ್ಷ ರಾಯಚೂರಿನ ರಣಭೂಮಿಯಲ್ಲಿ ಆತನ ಶೌರ್ಯವು ಶಿಖರವನ್ನು ಮುಟ್ಟಿತು. ಕರುಣೆಯು ಅಲ್ಲಿಯೇ ಬೆಳಗಿತು. ಆತನನ್ನು ಕೊನೆಯವರೆಗೆ ಬಿಡದೆ ಕಾಡಿದ ಒಂದು ದೋಷವೂ ಅಲ್ಲಿಯೇ ಪ್ರಕಟವಾಯಿತು. ಆದುದರಿಂದ ಆ ಒಂದು ವರ್ಷವನ್ನು ಚೆನ್ನಾಗಿ ಅರಿತರೆ ಆ ಮಹಾಪುರುಷನ ಇಡೀ ಬಾಳನ್ನು ಅರಿತಂತೆಯೇ ಸರಿ.

ಕೃಷ್ಣದೇವರಾಯನು ತುಳುವ ವಂಶದ ನರಸನಾಯಕನಿಗೂ ನಾಗಲಾದೇವಿಗೂ ಜನಿಸಿದವನು. ಸಾಳುವ ನರಸಿಂಹನ ತರುವಾಯ ರಾಜ್ಯದ ಆಡಳಿತಸೂತ್ರವು ನರಸನಾಯಕನ ಕೈಸೇರಿತು. ಅವನ ಹಿರಿಯ ಮಗ ವೀರನರಸಿಂಹನು ಸಿಂಹಾಸನವನ್ನೇರಿದನು. ವೀರನರಸಿಂಹನ ಮಲತಮ್ಮನೇ ಕೃಷ್ಣರಾಯ. ಆಗ ಮಹಾಪ್ರಧಾನಿಯಾಗಿದ್ದವನು ಸಾಳುವ ತಿಮ್ಮರಸು. ಕೃಷ್ಣರಾಯನು ಈತನನ್ನು ಅಪ್ಪಾಜಿ ಎಂದೇ ಕರೆಯುತ್ತಿದ್ದನೆಂಬುದು ಪ್ರಸಿದ್ಧ. ಆ ಶತಮಾನದಲ್ಲಿಯೇ ವಿಜಯನಗರಕ್ಕೆ ಬಂದು ಇಲ್ಲಿಯ ಚರಿತ್ರೆಯನ್ನು ಬರೆದಿಟ್ಟ ಫೆರ್ನಾವೋ ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯು ಒಂದು ಕಥೆಯನ್ನು ಹೇಳುತ್ತಾನೆ. ವೀರನರಸಿಂಹನು ಮರಣಶಯ್ಯೆಯಲ್ಲಿದ್ದಾಗ ತನ್ನ ಎಳೆಯ ಮಗನಿಗೆ ರಾಜ್ಯ ದಕ್ಕಲೆಂದು ತಮ್ಮನ ಕಣ್ಣುಗಳನ್ನು ಕೀಳಿಸಲು ಆಜ್ಞಾಪಿಸಿದನಂತೆ. ತಿಮ್ಮರಸು ಮೇಕೆಯ ಕಣ್ಣುಗಳನ್ನು ತಂದು ತೋರಿಸಿ ಕೃಷ್ಣರಾಯನನ್ನು ಉಳಿಸಿದನಂತೆ. ಕಥೆಯ ನಿಜಾಂಶವೇನೇ ಇರಲಿ, ತಿಮ್ಮರಸುವಿನ ಬುದ್ಧಿಬಲದ ಬೆಂಬಲದಿಂದಲೇ ಕೃಷ್ಣರಾಯನು 1509ರಲ್ಲಿ ಪಟ್ಟವೇರಿದನೆಂಬುದರಲ್ಲಿ ಸಂದೇಹವಿಲ್ಲ.

ಪಟ್ಟಾಭಿಷೇಕದ ಸ್ಮರಣೆಗಾಗಿ ಆತನು ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ರಂಗಮಂಟಪವನ್ನೂ ಅದರ ಮುಂದಣ ಗೋಪುರವನ್ನೂ ಕಟ್ಟಿಸಿದನು. ಹಿರಿಯ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದನು. ದೇವರ ನೈವೇದ್ಯಕ್ಕಾಗಿ ಸಿಂಗನಾಯಕನಹಳ್ಳಿಯನ್ನು ದತ್ತಿಯಾಗಿ ಬಿಟ್ಟನು. ಶುಕ್ಲ ಸಂವತ್ಸರದ ಮಾಘಮಾಸದ, ಎಂದರೆ 1510ರ ಆರಂಭದ, ಶಿಲಾಶಾಸನವು ಆ ದೇವಾಲಯದಲ್ಲಿಯೇ ನಿಂತು ಇದಕ್ಕೆ ಸಾಕ್ಷಿ ನುಡಿಯುತ್ತಿದೆ. ಸ್ವತಃ ವಿಷ್ಣುಭಕ್ತನಾಗಿ, ತಿರುಪತಿಯ ವೆಂಕಟೇಶನಿಗೆ ಮತ್ತೆ ಮತ್ತೆ ನಡೆದುಕೊಂಡವನಾಗಿ, ವ್ಯಾಸತೀರ್ಥರನ್ನು ಗೌರವಿಸಿದವನಾಗಿಯೂ ಆತನು ತನ್ನ ರಾಜ್ಯಭಾರದ ಮೊದಲ ಕಾಣಿಕೆಯನ್ನು ಶಿವನಿಗೆ ಸಲ್ಲಿಸಿದನು. ವಿಜಯನಗರದ ಅರಸರಿಗೆ ವಿರೂಪಾಕ್ಷನೇ ರಾಜ್ಯದ ಒಡೆಯ; ಶಾಸನಗಳ ಕೊನೆಯಲ್ಲಿ ಬರುವ ಅಂಕಿತವೂ ಆ ದೇವನದೇ. ಪ್ರೌಢದೇವರಾಯನ ಕಾಲದಲ್ಲಿ ಚಾಮರಸ, ಲಕ್ಕಣ್ಣ ದಂಡೇಶ ಮೊದಲಾದವರಿಂದ ಹುಲುಸಾಗಿ ಬೆಳೆದ ವೀರಶೈವ ಸಾಹಿತ್ಯವು ಕೃಷ್ಣರಾಯನ ಕಾಲದಲ್ಲಿಯೂ ಬಾಡಲಿಲ್ಲ. ಗುಬ್ಬಿಯ ಮಲ್ಲಣಾರ್ಯನು ಪಂಚಾಕ್ಷರಿಯ ಮಹಿಮೆಯನ್ನು ಸಾರುವ ಭಾವಚಿಂತಾರತ್ನವನ್ನು ರಚಿಸಿದುದು 1513ರಲ್ಲಿ. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ್ದ ಕನ್ನಡ ಭಾರತವನ್ನು ತಿಮ್ಮಣ್ಣಕವಿಯು ಮುಂದುವರಿಸಿ, ಉಳಿದ ಎಂಟು ಪರ್ವಗಳನ್ನು ಕೃಷ್ಣರಾಯಭಾರತವೆಂಬ ಹೆಸರಿನಿಂದ ಪೂರೈಸಿದನು. ರಾಯನು ತಾನೂ ಕವಿ. ತೆಲುಗಿನಲ್ಲಿ ಆಮುಕ್ತಮಾಲ್ಯದವನ್ನೂ ಸಂಸ್ಕೃತದಲ್ಲಿ ಜಾಂಬವತೀಕಲ್ಯಾಣವನ್ನೂ ಬರೆದವನು.

ಆದರೆ ಕಾವ್ಯರಸವನ್ನು ಸವಿಯುತ್ತ ಕುಳಿತಿರಲು ಕಾಲವು ಅವಕಾಶ ಕೊಡಲಿಲ್ಲ. ಪಟ್ಟವೇರಿದ ಕೂಡಲೆ ಉತ್ತರದ ಸುಲ್ತಾನರ ದಾಳಿಯನ್ನು ಹಿಮ್ಮೆಟ್ಟಿಸಬೇಕಾಯಿತು. ಆ ಬಳಿಕ ದಕ್ಷಿಣಕ್ಕೆ ತಿರುಗಿ, ಶಿವನಸಮುದ್ರದ ಕೋಟೆಯನ್ನು ನೆಚ್ಚಿಕೊಂಡು ಸ್ವತಂತ್ರನಾಗಿ ಮೆರೆಯುತ್ತಿದ್ದ ಉಮ್ಮತ್ತೂರಿನ ಗಂಗರಾಜನನ್ನು ಅಡಗಿಸಿದನು. 1513ರಲ್ಲಿ ಕಳಿಂಗದ ಗಜಪತಿ ಪ್ರತಾಪರುದ್ರನ ಮೇಲೆ ದಂಡೆತ್ತಿದನು. ಉದಯಗಿರಿಯ ದುರ್ಗವು 1514ರಲ್ಲಿ ವಶವಾಯಿತು. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹವನ್ನು 1515ರಲ್ಲಿ ಹಂಪೆಯ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಲಾಯಿತು. ಕೊಂಡವೀಡು, ಕೊಂಡಪಲ್ಲಿಗಳು ಒಂದಾದ ಮೇಲೊಂದು ಕೈಸೇರಿದವು. ಸೇನೆಯು ಸಿಂಹಾಚಲದವರೆಗೆ ನಡೆಯಿತು. ಕೊನೆಗೆ ಗಜಪತಿಯು ಸಂಧಿಯನ್ನು ಬೇಡಿ ತನ್ನ ಮಗಳನ್ನು ಧಾರೆಯೆರೆದು ಕೊಟ್ಟಾಗ, ಕೃಷ್ಣಾ ನದಿಯ ಉತ್ತರಕ್ಕೆ ತಾನು ಗೆದ್ದಿದ್ದ ನಾಡನ್ನೆಲ್ಲ ರಾಯನು ಅವನಿಗೇ ಹಿಂದಿರುಗಿಸಿದನು. ಸೋತವನ ಮಾನವನ್ನು ಕಾಯುವುದರಲ್ಲಿಯೂ ಗೆದ್ದವನ ಹಿರಿಮೆಯಿದೆ ಎಂಬುದನ್ನು ಆತನು ಇಲ್ಲಿ ಬಲ್ಲವನಾಗಿದ್ದನು. ಮುಂದಿನ ಕಥೆಯನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಡಬೇಕು.

ಪೂರ್ವದಿಕ್ಕು ಶಾಂತವಾದ ಮೇಲೆ ರಾಯನ ದೃಷ್ಟಿ ರಾಯಚೂರಿನ ಕಡೆಗೆ ಹರಿಯಿತು. ಕೃಷ್ಣಾ ತುಂಗಭದ್ರೆಗಳ ನಡುವಣ ಆ ದೋಆಬು ಪ್ರದೇಶವು ಫಲವತ್ತಾದ ಎರೆಭೂಮಿ. ಉತ್ತರ ದಕ್ಷಿಣಗಳ ನಡುವಣ ಹೆಬ್ಬಾಗಿಲು. ರಾಯಚೂರಿನ ಕೋಟೆಯನ್ನು ಕಟ್ಟಿದುದು ಕಾಕತೀಯರ ಕಾಲದಲ್ಲಿ. 1294ರ ಶಾಸನವು ಕೋಟೆಯ ಗೋಡೆಯ ಭಾರಿ ಬಂಡೆಯೊಂದರ ಮೇಲಿದೆ. ವಿಜಯನಗರವೂ ಬಹಮನಿ ರಾಜ್ಯವೂ ಹುಟ್ಟಿದಂದಿನಿಂದ ಈ ನೆಲಕ್ಕಾಗಿ ಹೋರಾಡುತ್ತಲೇ ಬಂದಿದ್ದವು. ಬಹಮನಿ ರಾಜ್ಯವು ಒಡೆದ ಬಳಿಕ ರಾಯಚೂರು ವಿಜಾಪುರದ ಆದಿಲಶಾಹಿಗಳ ಪಾಲಾಯಿತು. ರಾಯಚೂರು, ಮುದಗಲ್ಲು, ಉದಯಗಿರಿ ಈ ಮೂರನ್ನು ಗೆಲ್ಲಬೇಕೆಂಬ ಸಾಳುವ ನರಸಿಂಹನ ಹಂಬಲವು ಈಡೇರದೆ ಉಳಿದು, ಅವನ ಕೊನೆಯ ಬಯಕೆಯಾಗಿ ಮುಂದಿನವರಿಗೆ ಬಂದಿತೆಂದು ನ್ಯೂನಿಜ್ ಬರೆಯುತ್ತಾನೆ. ಉದಯಗಿರಿ ಕೈಸೇರಿತ್ತು, ಉಳಿದವು ಎರಡು.

ಯುದ್ಧಕ್ಕೆ ನೆಪವೊಂದು ತಾನಾಗಿಯೇ ಒದಗಿತು. ವಿಜಯನಗರದ ಸೇನೆಗೆ ಬೇಕಾದ ಉತ್ತಮ ಕುದುರೆಗಳು ಅರಬ್ ದೇಶಗಳಿಂದ ಸಮುದ್ರಮಾರ್ಗವಾಗಿ ಬರುತ್ತಿದ್ದವು. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ ಆ ವ್ಯಾಪಾರದ ಬಾಗಿಲು ಅವರ ಕೈಯಲ್ಲಿತ್ತು. ರಾಯನು ಸಯ್ಯದ್ ಮರಕಾರನೆಂಬ ವ್ಯಾಪಾರಿಯ ಕೈಗೆ 40,000 ವರಹಗಳನ್ನು ಕೊಟ್ಟು ಗೋವೆಯಿಂದ ಕುದುರೆಗಳನ್ನು ತರಲು ಕಳುಹಿಸಿದನು. ಅವನು ಹಣದೊಡನೆ ಆದಿಲಶಾಹಿ ರಾಜ್ಯಕ್ಕೆ ಓಡಿಹೋಗಿ ಅಲ್ಲಿ ಆಶ್ರಯ ಪಡೆದನು. ಹಣವನ್ನೂ ಆಳನ್ನೂ ಒಪ್ಪಿಸಬೇಕೆಂದು ರಾಯನು ಇಸ್ಮಾಯಿಲ್ ಆದಿಲಶಾಹನಿಗೆ ಬರೆದನು. ಅವನು ಒಪ್ಪಿಸಲಿಲ್ಲ. ಕೊಟ್ಟ ನಂಬಿಕೆಗೆ ದ್ರೋಹವಾಯಿತೆಂದು ರಾಯನು ಯುದ್ಧವನ್ನು ಸಾರಿದನು.

ಸೇನೆಯು ತಂಡತಂಡವಾಗಿ ರಾಜಧಾನಿಯಿಂದ ಹೊರಟಿತು. ನ್ಯೂನಿಜ್ ಕೊಡುವ ಲೆಕ್ಕದಂತೆ ಅದರಲ್ಲಿ 7,03,000 ಕಾಲಾಳುಗಳು, 32,600 ಕುದುರೆಗಳು, 551 ಆನೆಗಳು ಇದ್ದವು. ಈ ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದೆಯೆಂದು ಇತಿಹಾಸಜ್ಞರು ಭಾವಿಸುತ್ತಾರೆ. ಆದರೂ ಸೇನೆ ಅಪಾರವಾಗಿತ್ತೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸೈನಿಕರಲ್ಲದೆ ವ್ಯಾಪಾರಿಗಳು, ಅಗಸರು, ನೀರು ಹೊರುವವರು ಎಲ್ಲರೂ ಜೊತೆಯಲ್ಲಿ ನಡೆದರು. ಬೀಡುಬಿಟ್ಟಲ್ಲೆಲ್ಲ ಒಂದು ಪಟ್ಟಣವೇ ಎದ್ದು ನಿಲ್ಲುತ್ತಿತ್ತು. ರಾಯಚೂರಿನ ಸಮೀಪದ ಮಲಿಯಾಬಾದಿನಲ್ಲಿ ಸೇನೆ ತಂಗಿ, ಕೋಟೆಗೆ ಮುತ್ತಿಗೆ ಹಾಕಿತು.

ಕೋಟೆಯ ಗೋಡೆಗಳು ಭದ್ರವಾಗಿದ್ದವು. ಅವುಗಳ ಮೇಲೆ ತೋಪುಗಳು ಸಾಲಾಗಿ ನಿಂತಿದ್ದವು. ರಾಯನ ಬಳಿ ಕೋಟೆಯನ್ನು ಒಡೆಯಬಲ್ಲ ತೋಪುಗಳ ಬಲವಿರಲಿಲ್ಲ. ಗುದ್ದಲಿ ಹಾರೆಗಳನ್ನು ಹಿಡಿದ ಕಾಲಾಳುಗಳು ಗುಂಡಿನ ಮಳೆಯ ನಡುವೆ ಗೋಡೆಯ ಬುಡಕ್ಕೆ ಹೋಗಿ ಕಲ್ಲುಗಳನ್ನು ಕೈಯಿಂದಲೇ ಕೀಳಬೇಕಾಗಿತ್ತು. ಕಿತ್ತು ತಂದ ಪ್ರತಿಯೊಂದು ಕಲ್ಲಿಗೂ ಅದರ ಗಾತ್ರವನ್ನು ನೋಡಿ ಹತ್ತು, ಇಪ್ಪತ್ತು, ಐವತ್ತು ಪಣಗಳವರೆಗೆ ನಾಯಕರು ಬೆಲೆ ಕೊಡುತ್ತಿದ್ದರಂತೆ. ಬಡ ಸೈನಿಕನು ಪ್ರಾಣವನ್ನು ಪಣವಾಗಿಟ್ಟು ಪಣವನ್ನು ಗಳಿಸಿದ ಆ ದೃಶ್ಯವು ಯುದ್ಧದ ನಿಜಸ್ವರೂಪವನ್ನು ತೋರಿಸುತ್ತದೆ. ಹೀಗೆ ಮೂರು ತಿಂಗಳು ಕಳೆದರೂ ಕೋಟೆ ಬೀಳಲಿಲ್ಲ. ಅಷ್ಟರಲ್ಲಿ ಇಸ್ಮಾಯಿಲ್ ಆದಿಲಶಾಹನು ದೊಡ್ಡ ಸೇನೆಯೊಡನೆ ಕೃಷ್ಣಾ ತೀರಕ್ಕೆ ಬಂದನೆಂಬ ಸುದ್ದಿ ತಲುಪಿತು. ಅವನು ನದಿಯನ್ನು ದಾಟಿ, ದಕ್ಷಿಣದ ದಡದಲ್ಲಿ ಕಂದಕ ತೋಡಿಸಿ, ತೋಪುಗಳನ್ನು ಸಜ್ಜುಗೊಳಿಸಿ ಬೀಡುಬಿಟ್ಟನು.

ನ್ಯೂನಿಜ್‌ನ ಬರಹದಲ್ಲಿ ವರ್ಷದ ಅಂಕೆ ತಪ್ಪಾಗಿ ಬಿದ್ದಿದೆ. 1900ರಲ್ಲಿ ವಿಜಯನಗರದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸೀವೆಲ್ ಇತರ ಆಧಾರಗಳೊಡನೆ ತೂಗಿ ನೋಡಿ, ಯುದ್ಧವು ನಡೆದುದು 1520ನೆಯ ಮೇ 19ರ ಶನಿವಾರವೆಂದು ನಿರ್ಣಯಿಸಿದನು. ಹಿಂದಿನ ದಿನ ಶುಕ್ರವಾರವು ಶುಭವಲ್ಲವೆಂದು ಹಿರಿಯರು ಹೇಳಿದುದರಿಂದ ರಾಯನು ಒಂದು ದಿನ ತಡೆದಿದ್ದನು. ಬೆಳಗಿನ ಜಾವಕ್ಕೆ ಭೇರಿ ಕಹಳೆಗಳು ಮೊಳಗಿದವು. ಮುಂಚೂಣಿಯ ಪಡೆಗಳು ವೇಗವಾಗಿ ನುಗ್ಗಿ ಶತ್ರುವನ್ನು ಕಂದಕಗಳವರೆಗೆ ತಳ್ಳಿದವು. ಆ ಗಳಿಗೆಗೇ ಕಾದಿದ್ದ ಆದಿಲಶಾಹನು ತನ್ನ ತೋಪುಗಳೆಲ್ಲವನ್ನೂ ಒಮ್ಮೆಗೇ ಹಾರಿಸಿದನು. ದಟ್ಟವಾಗಿ ನೆರೆದಿದ್ದ ಸೈನಿಕರು ತರಗೆಲೆಗಳಂತೆ ಉದುರಿದರು, ಮುಂಚೂಣಿ ಮುರಿಯಿತು, ಸೇನೆ ಹಿಮ್ಮೆಟ್ಟತೊಡಗಿತು, ಶತ್ರುವಿನ ಕುದುರೆಪಡೆ ಬೆನ್ನಟ್ಟಿ ಬಂದಿತು.

ಎರಡನೆಯ ಸಾಲಿನಲ್ಲಿದ್ದ ರಾಯನು ಇದನ್ನು ಕಂಡನು. ತನ್ನ ಬೆರಳಿನ ಉಂಗುರವನ್ನು ಸೇವಕನೊಬ್ಬನಿಗೆ ಕೊಟ್ಟು, ತಾನು ಮಡಿದರೆ ಅದನ್ನು ಗುರುತಾಗಿ ರಾಣಿಯರಿಗೆ ತಲುಪಿಸಬೇಕೆಂದು ಹೇಳಿ, ಕುದುರೆಯನ್ನೇರಿದನು. ಓಡಿಹೋಗಿ ಸಾಯುವುದಕ್ಕಿಂತ ಎದುರು ನಿಂತು ಸಾಯುವುದು ಲೇಸೆಂದು ಸುತ್ತಲಿದ್ದವರನ್ನು ಹುರಿದುಂಬಿಸಿ ಮುನ್ನುಗ್ಗಿದನು. ಅರಸನೇ ಮುಂದೆ ನಡೆದುದನ್ನು ಕಂಡು ಚದುರಿದ್ದ ಸೇನೆ ಮತ್ತೆ ಕೂಡಿತು. ಜಯದ ಉತ್ಸಾಹದಲ್ಲಿ ಸಾಲು ಕೆಡಿಸಿಕೊಂಡು ಬೆನ್ನಟ್ಟಿ ಬಂದಿದ್ದ ಶತ್ರುಪಡೆಯು ಈ ಹೊಡೆತವನ್ನು ತಾಳಲಾರದೆ ತಿರುಗಿ ಓಡಿತು. ತೋಪುಗಳನ್ನು ಮತ್ತೆ ತುಂಬುವಷ್ಟು ಅವಕಾಶವೂ ಅವರಿಗೆ ಸಿಕ್ಕಲಿಲ್ಲ. ಓಡಿದವರನ್ನು ಕೃಷ್ಣೆಯು ತಡೆದಳು. ನೀರಿಗೆ ಬಿದ್ದು ಸತ್ತವರಿಗೆ ಲೆಕ್ಕವಿರಲಿಲ್ಲ. ಆದಿಲಶಾಹನು ಆನೆಯನ್ನೇರಿ ಹೊಳೆ ದಾಟಿ ಪಾರಾದನು. ಅವನ ಸೇನಾಪತಿ ಸಲಾಬತ್ ಖಾನನು ಸೆರೆ ಸಿಕ್ಕನು.

ಆ ದಿನದ ನಿಜವಾದ ವಿಜಯವು ಇದರ ಬಳಿಕ ನಡೆಯಿತು. ನದಿಯ ದಡದಲ್ಲಿ ಕೊಲೆ ಮುಂದುವರಿಯುತ್ತಿದ್ದಾಗ ರಾಯನು ಸೇನೆಯನ್ನು ತಡೆದನು. ತಪ್ಪು ಮಾಡಿದವನು ಆದಿಲಶಾಹ. ಅವನು ಎಲ್ಲವನ್ನೂ ಕಳೆದುಕೊಂಡಾಯಿತು. ತಪ್ಪಿಲ್ಲದ ಈ ಜನ ಏಕೆ ಸಾಯಬೇಕು ಎಂಬುದು ಆತನ ವಿಚಾರವಾಗಿತ್ತು. ಹೊಳೆಯನ್ನು ದಾಟಿ ಬೆನ್ನಟ್ಟಬೇಕೆಂದು ಹೇಳಿದ ನಾಯಕರ ಮಾತಿಗೆ ಆತನು ಮಣಿಯಲಿಲ್ಲ. ಆದಿಲಶಾಹನ ಬೀಡಿನಲ್ಲಿ 4,000 ಉತ್ತಮ ಕುದುರೆಗಳು, ನೂರು ಆನೆಗಳು, 400 ದೊಡ್ಡ ತೋಪುಗಳು ಕೈವಶವಾದವೆಂದು ನ್ಯೂನಿಜ್ ಲೆಕ್ಕ ಕೊಡುತ್ತಾನೆ. ರಾಯನ ಕಡೆಯಲ್ಲಿ ಮಡಿದವರು 16,000ಕ್ಕೂ ಹೆಚ್ಚು. ಅವರ ಅಂತ್ಯಸಂಸ್ಕಾರವನ್ನು ನಡೆಸಿ, ಅವರ ಹೆಸರಿನಲ್ಲಿ ದಾನಧರ್ಮಗಳನ್ನು ಮಾಡಿಸಿ, ರಾಯನು ಮತ್ತೆ ರಾಯಚೂರಿನ ಮುತ್ತಿಗೆಗೆ ಹಿಂದಿರುಗಿದನು.

ಕುದುರೆಗಳನ್ನು ಮಾರಲು ಬಂದಿದ್ದ ಕ್ರಿಸ್ತೋವಾವೊ ದ ಫಿಗೇರೆದೊ ಎಂಬ ಪೋರ್ಚುಗೀಸನು ಆ ವೇಳೆಗೆ ಶಿಬಿರದಲ್ಲಿದ್ದನು. ಅವನೊಡನೆ ಇಪ್ಪತ್ತು ಮಂದಿ ಬಂದೂಕುಗಾರರಿದ್ದರು. ಗೋಡೆಯ ಮೇಲೆ ನಿರ್ಭಯವಾಗಿ ಓಡಾಡುತ್ತಿದ್ದ ಕಾವಲುಗಾರರನ್ನು ಅವರು ದೂರದಿಂದಲೇ ಗುರಿಯಿಟ್ಟು ಕೆಡವತೊಡಗಿದರು. ಕಾವಲಿನವರು ಗೋಡೆಯನ್ನು ಬಿಟ್ಟು ಅಡಗಿದಾಗ ರಾಯನ ಆಳುಗಳು ನಿರಾತಂಕವಾಗಿ ಕಲ್ಲು ಕಿತ್ತರು. ಏನಾಗುತ್ತಿದೆಯೆಂದು ಇಣುಕಿ ನೋಡಿದ ಕೋಟೆಯ ನಾಯಕನ ಹಣೆಗೆ ಗುಂಡು ತಗುಲಿ ಅವನು ಸತ್ತುಬಿದ್ದನು. ಮರುದಿನ ಕೋಟೆಯ ಬಾಗಿಲು ತೆರೆಯಿತು. ನಗರದ ಜನ ಶರಣಾಗಿ ಬಂದು ನಿಂತಾಗ, ಅವರ ಪ್ರಾಣಕ್ಕಾಗಲಿ ಸೊತ್ತಿಗಾಗಲಿ ಭಯವಿಲ್ಲವೆಂದೂ, ಇರಲಿಚ್ಛಿಸುವವರು ಇರಬಹುದು, ಹೋಗಲಿಚ್ಛಿಸುವವರು ತಮ್ಮ ವಸ್ತುಗಳೊಡನೆ ಹೋಗಬಹುದೆಂದೂ ರಾಯನು ಅಭಯವಿತ್ತನು, ಸೂರೆಯನ್ನು ತಡೆದನು. ಮೂರು ತಿಂಗಳು ಬೆವರು ನೆತ್ತರು ಸುರಿಸಿದ ಸೈನ್ಯದ ಕೈಯಿಂದ ಗೆದ್ದ ಊರನ್ನು ಉಳಿಸುವುದು ಗೆಲ್ಲುವುದಕ್ಕಿಂತಲೂ ಕಠಿಣವಾದ ಕಾರ್ಯ.

ಇಲ್ಲಿಗೆ ಕಥೆ ಮುಗಿದಿದ್ದರೆ 1520ನೆಯ ವರ್ಷವು ಕಳಂಕವಿಲ್ಲದ ಪೂರ್ಣಚಂದ್ರನಂತೆ ಇರುತ್ತಿತ್ತು. ಆದರೆ ರಾಯನಿಗೆ ಕೋಪವೆಂಬ ಒಂದು ದೌರ್ಬಲ್ಯವಿತ್ತು. ಅದೇ ಕಾಲದಲ್ಲಿ ವಿಜಯನಗರವನ್ನು ಕಂಡು ಬರೆದ ಡೊಮಿಂಗೋ ಪಾಯೆಸ್ ಎಂಬ ಮತ್ತೊಬ್ಬ ಪೋರ್ಚುಗೀಸನು ರಾಯನನ್ನು ಹತ್ತಿರದಿಂದ ನೋಡಿದವನು. ಮಧ್ಯಮ ಎತ್ತರ, ತಿಳಿಯಾದ ಮೈಬಣ್ಣ, ತುಸು ಸ್ಥೂಲವಾದರೂ ಸುಂದರವಾದ ಮೈಕಟ್ಟು, ಮುಖದಲ್ಲಿ ಸಿಡುಬಿನ ಕಲೆ. ಬೆಳಕು ಹರಿಯುವ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರವೆತ್ತಿ, ಕತ್ತಿ ಝಳಪಿಸಿ, ಜಟ್ಟಿಯೊಡನೆ ಸೆಣಸಿ, ಕುದುರೆಯ ಮೇಲೆ ಬಯಲು ಸುತ್ತುವ ದಿನಚರಿ: ಹೀಗೆ ಪಾಯೆಸ್ ವರ್ಣಿಸುತ್ತಾನೆ. ರಾಯನು ನ್ಯಾಯವಂತನೂ ಸ್ನೇಹಶೀಲನೂ ಆಗಿದ್ದನಾದರೂ ಒಮ್ಮೊಮ್ಮೆ ಹಠಾತ್ತಾಗಿ ಕೆರಳುತ್ತಿದ್ದನೆಂದೂ ಅವನು ಸೇರಿಸುತ್ತಾನೆ.

ಸೋತ ಆದಿಲಶಾಹನ ರಾಯಭಾರಿಯು ವಿಜಯನಗರಕ್ಕೆ ಬಂದು, ಕಳೆದುಕೊಂಡ ಕೋಟೆಯನ್ನೂ ತೋಪುಗಳನ್ನೂ ಕುದುರೆಗಳನ್ನೂ ಹಿಂದಿರುಗಿಸಬೇಕೆಂದು ಬೇಡಿದನು. ಒಂದು ತಿಂಗಳು ಅವನನ್ನು ಕಾಯಿಸಿದ ಬಳಿಕ ರಾಯನು ಉತ್ತರ ಕೊಟ್ಟನು: ಆದಿಲಶಾಹನು ತಾನಾಗಿ ಬಂದು ರಾಯನ ಪಾದಕ್ಕೆ ಮುತ್ತಿಡುವುದಾದರೆ ಎಲ್ಲವನ್ನೂ ಮರಳಿಸಲಾಗುವುದು. ಗಜಪತಿಗೆ ತೋರಿದ ಔದಾರ್ಯ ಇಲ್ಲಿ ಕಾಣಲಿಲ್ಲ. ರಾಯನು ಆ ವಂದನೆಯನ್ನು ಸ್ವೀಕರಿಸಲೆಂದೇ ಗಡಿಯ ಮುದಗಲ್ಲಿಗೆ ಹೋಗಿ ಕಾದನು. ಆದಿಲಶಾಹನು ಬರಲಿಲ್ಲ. ಕೆರಳಿದ ರಾಯನು ವಿಜಾಪುರದವರೆಗೆ ನಡೆದು ನಗರವನ್ನು ಹೊಕ್ಕನು. ಶತ್ರುಗಳು ಕೆರೆಗಳನ್ನು ಒಡೆದುದರಿಂದ ಸೇನೆಗೆ ನೀರಿಲ್ಲವಾಯಿತು. ಸೌದೆಗಾಗಿ ಸೈನಿಕರು ಆ ಸುಂದರ ನಗರದ ಮನೆಗಳನ್ನೇ ಕೆಡವಿದರು. ಕೊನೆಗೆ ಪಾದವೂ ಮುಟ್ಟಲ್ಪಡಲಿಲ್ಲ, ವಿಜಾಪುರವೂ ಉಳಿಯಲಿಲ್ಲ, ಸೇನೆ ಹಿಂದಿರುಗಿತು. ರಾಯಚೂರಿನ ಜನರಿಗೆ ಅಭಯವಿತ್ತ ಕೈಯೇ ವಿಜಾಪುರದ ಜನರ ಸೂರು ಕೀಳುವುದನ್ನು ತಡೆಯದೆ ಹೋಯಿತು. ಮಾನಭಂಗದ ಆ ಗಾಯವು ವಿಜಾಪುರದ ಮನಸ್ಸಿನಲ್ಲಿ ಉಳಿದಿದ್ದರೆ ಆಶ್ಚರ್ಯವಿಲ್ಲ.

ಸೇನೆಯು ಗಡಿಯಲ್ಲಿ ಹೀಗೆ ಮಗ್ನವಾಗಿದ್ದರೂ ರಾಜಧಾನಿಯಲ್ಲಿ ಬದುಕು ತುಂಬಿ ಹರಿಯುತ್ತಿತ್ತು. ಪಾಯೆಸ್ ಕಂಡ ಪೇಟೆಯಲ್ಲಿ ಮಾಣಿಕ್ಯ, ವಜ್ರ, ಮುತ್ತುಗಳ ವ್ಯಾಪಾರಿಗಳಿದ್ದರು. ಪ್ರತಿದಿನ ಸಂಜೆ ಸಂತೆ ನೆರೆಯುತ್ತಿತ್ತು. ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಸೌದೆ, ತಟ್ಟುಗಳು ಎಲ್ಲವೂ ಅಲ್ಲಿ ಮಾರಾಟಕ್ಕೆ ಬರುತ್ತಿದ್ದವು. ಆ ಹಣ್ಣು ತರಕಾರಿಗಳು ಬೆಳೆಯಲು ನೀರು ಬೇಕು. ಬಂಡೆಗಳ ನಾಡಾದ ಹಂಪೆಯಲ್ಲಿ ನೀರನ್ನು ಒದಗಿಸುವುದೇ ಅರಸನ ಮೊದಲ ಧರ್ಮ. ಇಂದು ಹೊಸಪೇಟೆಯಾಗಿರುವ ನಾಗಲಾಪುರವು ರಾಯನು ಕಟ್ಟಿಸಿದ ಹೊಸ ಊರು. ತಾಯಿ ನಾಗಲಾದೇವಿಯ ನೆನಪಿಗಾಗಿ ಆ ಹೆಸರಿಟ್ಟನೆಂಬುದು ಪರಂಪರೆಯ ನಂಬಿಕೆ. ಅದರ ಬಳಿ ಎರಡು ಬೆಟ್ಟಗಳ ನಡುವೆ ದೊಡ್ಡ ಕೆರೆಯೊಂದನ್ನು ಕಟ್ಟಿಸತೊಡಗಿದನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಅಲ್ಲಿ ದುಡಿಯುತ್ತಿದ್ದುದನ್ನು ಪಾಯೆಸ್ ಕಣ್ಣಾರೆ ಕಂಡನು. ಏರಿ ಎರಡು ಮೂರು ಬಾರಿ ಒಡೆದರೂ ಕೆಲಸ ನಿಲ್ಲಲಿಲ್ಲ. ಪೋರ್ಚುಗೀಸ್ ಕಲ್ಲುಕೆಲಸದ ನಿಪುಣನೊಬ್ಬನ ನೆರವನ್ನೂ ಪಡೆಯಲಾಯಿತು. ಕೆರೆಯ ಕೆಳಗಣ ಭೂಮಿಯನ್ನು ಹಸನುಮಾಡುವ ರೈತರಿಗೆ ಒಂಬತ್ತು ವರ್ಷಗಳ ಕಾಲ ಕಂದಾಯವಿಲ್ಲವೆಂದು ರಾಯನು ವಿಧಿಸಿದನು. ಮುಂದೆ ಆ ಭೂಮಿಯಿಂದ 20,000 ವರಹಗಳ ಹುಟ್ಟುವಳಿ ಬರುವಂತಾಯಿತೆಂದು ನ್ಯೂನಿಜ್ ಬರೆದಿದ್ದಾನೆ. ಹೊಸಪೇಟೆಯ ಜನ ಅದನ್ನು ರಾಯರ ಕೆರೆಯೆಂದೇ ಕರೆದರು.

ವಿಜಯದ ಮರುವರ್ಷ, 1521ರಲ್ಲಿ, ತುಂಗಭದ್ರೆಗೆ ಅಡ್ಡಲಾಗಿ ಕೊರಗಲ್ಲಿನ ಅಣೆಕಟ್ಟನ್ನೂ ಅದೇ ಕಾಲದಲ್ಲಿ ಬಸವಣ್ಣ ಕಾಲುವೆಯನ್ನೂ ರಾಯನು ಕಟ್ಟಿಸಿದನು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತುಂಗಭದ್ರಾ ಜಲಾಶಯವು ನಿರ್ಮಾಣವಾದಾಗ ಹಳೆಯ ಅಣೆಕಟ್ಟು ನೀರಿನಡಿ ಸೇರಿತು. ಆದರೂ ಕಾಲುವೆಗೆ ಜಲಾಶಯದಿಂದಲೇ ನೀರು ಹರಿಸಲಾಯಿತು. ಬಸವಣ್ಣನವರ ಹೆಸರನ್ನು ಹೊತ್ತ ಆ ನೀರು ಇಂದಿಗೂ ಹೊಸಪೇಟೆಯ ಸುತ್ತಲಿನ ಗದ್ದೆ ತೋಟಗಳಿಗೆ ಹಾಯುತ್ತಿದೆ.

ರಾಯನ ಕೊನೆಯ ವರ್ಷಗಳು ದುಃಖದಲ್ಲಿ ಕಳೆದವು. 1524ರಲ್ಲಿ ತನ್ನ ಎಳೆಯ ಮಗ ತಿರುಮಲರಾಯನಿಗೆ ಪಟ್ಟ ಕಟ್ಟಿ, ತಾನು ಮಂತ್ರಿಯಂತೆ ನಿಂತು ರಾಜ್ಯ ನಡೆಸಬೇಕೆಂದು ಬಯಸಿದನು. ಸ್ವಲ್ಪ ಕಾಲದಲ್ಲಿಯೇ ಮಗು ತೀರಿಕೊಂಡಿತು. ತಿಮ್ಮರಸುವಿನ ಮಗನೇ ವಿಷವಿಕ್ಕಿಸಿದನೆಂಬ ಮಾತು ರಾಯನ ಕಿವಿಗೆ ಬಿತ್ತು. ಶೋಕವು ಕೋಪವಾಯಿತು. ಮಂತ್ರಿಯನ್ನೂ ಅವನ ಮಕ್ಕಳನ್ನೂ ಸೆರೆಗೆ ಹಾಕಿಸಿದನು. ಸೆರೆಯಿಂದ ತಪ್ಪಿಸಿಕೊಂಡ ಮಗ ದಂಗೆಯೆದ್ದು ಮತ್ತೆ ಸಿಕ್ಕಿಬಿದ್ದಾಗ ಅವರ ಕಣ್ಣುಗಳನ್ನು ಕೀಳಿಸಿದನೆಂದು ನ್ಯೂನಿಜ್ ಹೇಳುತ್ತಾನೆ. ಯಾರು ತನ್ನ ಕಣ್ಣುಗಳನ್ನು ಉಳಿಸಿದನೆಂದು ಅದೇ ಲೇಖಕನು ಬರೆದನೋ ಆ ಅಪ್ಪಾಜಿಯ ಕಣ್ಣುಗಳಿಗೇ ಈ ಗತಿ ಬಂದುದನ್ನು ಓದಿದಾಗ ಎಂಥವರ ಎದೆಯೂ ಕಲಕುತ್ತದೆ. ಪಾಯೆಸ್ ಕಂಡ ಕ್ಷಣಿಕ ಕೋಪ, ಮುದಗಲ್ಲಿನಲ್ಲಿ ಕಾದು ಕುಳಿತ ಹಠ, ಇವೇ ಇಲ್ಲಿ ಮನೆಯೊಳಗೆ ಬಂದು ಹೊಕ್ಕವು. 1528ರಲ್ಲಿ ಹಂಪೆಯ ಉಗ್ರನರಸಿಂಹನ ಏಕಶಿಲಾಮೂರ್ತಿಯನ್ನು ಮಾಡಿಸಿದ ರಾಯನು 1529ರಲ್ಲಿ ಕಾಲವಶನಾದನು. ಅವನ ಸೋದರ ಅಚ್ಯುತರಾಯನು ಪಟ್ಟಕ್ಕೆ ಬಂದನು.

ಮರುವರ್ಷವೇ, 1530ರಲ್ಲಿ, ಇಸ್ಮಾಯಿಲ್ ಆದಿಲಶಾಹನು ರಾಯಚೂರು ಮುದಗಲ್ಲುಗಳನ್ನು ಮತ್ತೆ ವಶಪಡಿಸಿಕೊಂಡನು. 16,000 ಜನ ಪ್ರಾಣ ತೆತ್ತು ಗಳಿಸಿದ ಜಯದ ಆಯುಷ್ಯ ಹತ್ತೇ ವರ್ಷ. ಈಚಿನ ಇತಿಹಾಸಜ್ಞರು ಇನ್ನೊಂದು ಅಂಶವನ್ನು ಎತ್ತಿ ತೋರಿಸುತ್ತಾರೆ. ರಾಯಚೂರಿನಲ್ಲಿ ಸೋತವನ ತೋಪುಗಳು ಗೆದ್ದವನ ಮುಂಚೂಣಿಯನ್ನು ಕ್ಷಣದಲ್ಲಿ ಮುರಿದಿದ್ದವು. ಇಪ್ಪತ್ತು ಬಂದೂಕುಗಳು ಮೂರು ತಿಂಗಳಲ್ಲಿ ಆಗದ ಕೆಲಸವನ್ನು ಮಾಡಿ ಮುಗಿಸಿದ್ದವು. ಸೋತ ವಿಜಾಪುರವು ಈ ಪಾಠವನ್ನು ಕಲಿತು ತೋಪುಗಳ ವಿದ್ಯೆಯನ್ನು ಬೆಳೆಸಿತು. ಗೆದ್ದ ವಿಜಯನಗರವು ಕುದುರೆಯ ವೇಗವನ್ನೂ ಕಾಲಾಳಿನ ಸಂಖ್ಯೆಯನ್ನೂ ನೆಚ್ಚಿಕೊಂಡೇ ಉಳಿಯಿತು. ಸೋಲು ಕಲಿಸಿದಷ್ಟು ಗೆಲವು ಕಲಿಸಲಿಲ್ಲ. 1565ರಲ್ಲಿ ಅಳಿಯ ರಾಮರಾಯನ ಕಾಲಕ್ಕೆ, ಸುಲ್ತಾನರು ಒಂದಾಗಿ ರಕ್ಕಸತಂಗಡಿಯ ರಣರಂಗಕ್ಕೆ ಬಂದಾಗ, ಆ ಕಲಿಯದ ಪಾಠಕ್ಕೂ ಹಳೆಯ ಅವಮಾನಗಳಿಗೂ ಸಾಮ್ರಾಜ್ಯವು ಬೆಲೆ ತೆತ್ತಿತು.

ಆದರೆ ವಿಜಯನಗರದ ಸತ್ತ್ವವು ಅಲ್ಲಿಗೇ ಮುಗಿಯಲಿಲ್ಲ. ಕೆರೆ ಕಟ್ಟಿಸಿ, ಪೇಟೆ ಕಟ್ಟಿಸಿ, ಜನರನ್ನು ಕರೆದು ನೆಲೆಗೊಳಿಸುವ ಆ ರಾಜಧರ್ಮವನ್ನು ಸಾಮಂತರು ತಮ್ಮ ತಮ್ಮ ಸೀಮೆಗಳಿಗೆ ಕೊಂಡೊಯ್ದರು. ಅವರಲ್ಲಿ ಯಲಹಂಕದ ಕೆಂಪೇಗೌಡನೂ ಒಬ್ಬನು. ರಾಯಚೂರಿನ ವಿಜಯವಾಗಿ ಹದಿನೇಳು ವರ್ಷಗಳ ಬಳಿಕ, 1537ರಲ್ಲಿ, ಅವನು ಬೆಂಗಳೂರಿನಲ್ಲಿ ಮಣ್ಣಿನ ಕೋಟೆಯನ್ನೂ ಪೇಟೆಗಳನ್ನೂ ಕಟ್ಟಿಸಿದನು, ಕೆರೆಗಳನ್ನು ತೋಡಿಸಿದನು. ಹಲಸೂರು, ಬೇಗೂರು, ವರ್ತೂರು ಮೊದಲಾದ ಹೋಬಳಿಗಳನ್ನು ಅಚ್ಯುತರಾಯನು ಅವನಿಗೆ ಬಿಟ್ಟುಕೊಟ್ಟನೆಂಬ ಪ್ರತೀತಿಯಿದೆ. ಅದೇ ಹಲಸೂರಿನ ಬಳಿ 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿತು. ದಂಡಿನ ಊರಿನಲ್ಲಿ 1927ರಲ್ಲಿ ರಸೆಲ್ ಮಾರುಕಟ್ಟೆ ಎದ್ದಿತು. ಹಲವು ಭಾಷೆ, ಹಲವು ಮತಗಳ ಜನ ಒಂದೇ ಸೂರಿನಡಿ ಹೂವು, ಹಣ್ಣು, ತರಕಾರಿಗಳನ್ನು ಮಾರುವ ಆ ಮಾರುಕಟ್ಟೆಯಲ್ಲಿ ನಡೆಯುವ ವಿದ್ಯಾರ್ಥಿಗೆ, ಪಾಯೆಸ್ ಕಂಡ ವಿಜಯನಗರದ ಸಂಜೆಯ ಸಂತೆಯನ್ನು ಊಹಿಸಿಕೊಳ್ಳುವುದು ಕಷ್ಟವಾಗಲಾರದು. ಅರಸರು ಕೋಟೆಗಳಿಗಾಗಿ ಹೋರಾಡಿದರೂ ನಾಡು ಬದುಕಿದುದು ಇಂಥ ಪೇಟೆಗಳಿಂದ, ಅವುಗಳಿಗೆ ಬೆಳೆ ಕಳುಹಿಸಿದ ಕೆರೆ ಕಾಲುವೆಗಳಿಂದ.

ಕೃಷ್ಣದೇವರಾಯನ ಗುಣವನ್ನು ಕೊಂಡಾಡುವಾಗ ದೋಷವನ್ನು ಮರೆಮಾಚುವ ಅಗತ್ಯವಿಲ್ಲ. ದೋಷವನ್ನು ಅರಿತಾಗಲೇ ಆತನು ಕಲ್ಲಿನ ಪ್ರತಿಮೆಯಿಂದ ಇಳಿದು ಮನುಷ್ಯನಾಗಿ ನಮ್ಮ ಬಳಿಗೆ ಬರುತ್ತಾನೆ. ಮುರಿದ ಸೇನೆಯ ಮುಂದೆ ನಿಂತ ಧೈರ್ಯವನ್ನೂ, ಗೆದ್ದ ಮೇಲೆ ಕತ್ತಿಯನ್ನು ತಡೆದ ಕರುಣೆಯನ್ನೂ ಎಳೆಯರು ಆತನಿಂದ ಕಲಿಯಬೇಕು. ಮುದಗಲ್ಲಿನ ಹಠವನ್ನು ಕಂಡು ಎಚ್ಚರಗೊಳ್ಳಬೇಕು. ಉಳ್ಳವರು ನಾಗಲಾಪುರದ ಕೆರೆಯನ್ನು ನೆನೆಯಬೇಕು. ಅಲ್ಲಿ ಮಣ್ಣು ಹೊತ್ತ ಸಾವಿರಾರು ಜನರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ. ಅವರ ಕೆಲಸದ ಫಲವನ್ನು ಉಂಡವರು ಮಾತ್ರ ತಲೆತಲಾಂತರದವರೆಗೆ ಇದ್ದರು. ರಾಯಚೂರಿನ ಕೋಟೆ ಇಂದು ಕಾವಲಿಲ್ಲದೆ ನಿಂತಿದೆ. ಬಸವಣ್ಣ ಕಾಲುವೆಯ ದಡದಲ್ಲಿ ಮಾತ್ರ ರೈತರು ಈಗಲೂ ತಮ್ಮ ಸರದಿಯ ನೀರಿಗಾಗಿ ಕಾಯುತ್ತಾರೆ, ನೀರು ಬಂದಾಗ ನಾಟಿ ಮಾಡುತ್ತಾರೆ.